ಬಾವಿಕಟ್ಟೆ ಬದಿಯ ನೀರುಳ್ಳಿ

ನೀರುಳ್ಳಿ ಗಿಡದಲ್ಲಿ ಹೂವಾಗುತ್ತದೆ ಎಂಬುದು ಗುಡ್ಡ ಮರಕಾಲನಿಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಕಡಲಿಗೆ ಹೋಗುವವನ ಮನೆಯಲ್ಲಿ ನೀರುಳ್ಳಿ ಅವನ ಬೆನ್ನ ಹಿಂದೆಯೇ ಬೆಳೆದು ಮುಗಿಯುತ್ತದೆ. ಮಳೆ ಸರಿದು ದೋಣಿ ನೀರಿಗಿಳಿದ ಮೇಲೆ ಹೆಂಗಸರು ಹಿತ್ತಲ ಹೊಯ್ಗೆಗೆ, ಅಂದರೆ ಮರಳಿಗೆ, ಬೂದಿ, ಮೀನಿನ ಗೊಬ್ಬರ ಸೇರಿಸಿ ಹದ ಮಾಡುತ್ತಾರೆ. ಗಂಡಸರು ಇನ್ನೂ ಬಲೆ ಎಳೆಯುತ್ತಿರುವಾಗಲೇ ಅದನ್ನು ಕಿತ್ತು, ಒಣಗಿಸಿ, ಎಲೆಗೆ ಎಲೆ ಸೇರಿಸಿ ಉದ್ದನೆಯ ಜಡೆ ಹೆಣೆದಿರುತ್ತಾರೆ. ಮಳೆಗಾಲಕ್ಕೆ ಕಡಲು ಮುಚ್ಚಿ ಗಂಡಸರು ಮನೆಯಲ್ಲಿ ಕೂರುವ ಹೊತ್ತಿಗೆ ಜಡೆಗಳು ಒಲೆಯ ಮೇಲೆ ತೂಗುತ್ತಿರುತ್ತವೆ. ಗುಡ್ಡನಿಗೆ ಗೊತ್ತಿದ್ದದ್ದು ಆ ತೂಗುವ ನೀರುಳ್ಳಿ ಮಾತ್ರ.

ಆದರೆ ಅದನ್ನು ಅವನಷ್ಟು ಬಲ್ಲವರೂ ಕಡಿಮೆ. ಮದುವೆಯಾದ ಹೊಸತರಲ್ಲಿ, ಹುಲ್ಲು ಹೊದೆಸಿದ ಮನೆ. ಹೊರಗೆ ಕಡಲು ಒಂದೇ ಸಮ ಅಬ್ಬರಿಸುತ್ತಿದ್ದರೆ ಒಳಗೆ ಒಲೆಯ ಎದುರು ಅವನು ಮಣೆ ಹಾಕಿ ಕೂತಿರುತ್ತಿದ್ದ. ಅವನ ಹೆಂಡತಿ, ಬಾಗಿ ಎಂದು ಹೆಸರು, ಕಾಲ ತುದಿಯಲ್ಲಿ ನಿಂತು ಕೈ ಮೇಲೆತ್ತಿ ಜಡೆಯಿಂದ ಒಂದು ನೀರುಳ್ಳಿ ತಿರುಚಿ ಕೀಳುತ್ತಿದ್ದಳು. ಕತ್ತಿ ತಾಗಿಸುತ್ತಿರಲಿಲ್ಲ. ಮಣೆಯ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು, ಅಷ್ಟೆ. ಬಿಸಿ ಗಂಜಿ, ಒಣ ಸಿಗಡಿ ಚಟ್ನಿ, ಜಜ್ಜಿದ ನೀರುಳ್ಳಿ. ಪೇಟೆಯ ನೀರುಳ್ಳಿಯ ಹಾಗೆ ಅದು ಕಣ್ಣಲ್ಲಿ ನೀರು ತರಿಸುವುದಲ್ಲ. ತುಸು ಚಪ್ಪಟೆ, ತಿಳಿ ಕೆಂಪು, ಬೆಲ್ಲದ ನೀರಿನಂಥ ಸಿಹಿ. ಮಕ್ಕಳು ಹಸಿಯಾಗಿಯೇ ತಿನ್ನುತ್ತಿದ್ದವು. ಮೀನಿಲ್ಲದ ಆ ತಿಂಗಳುಗಳು ಅವನಿಗೆ ಬರಗಾಲ ಅನ್ನಿಸಿದ್ದೇ ಇಲ್ಲ.

ಆ ಬೀಜ ಬಾಗಿಯ ತಾಯಿಯದು, ಅವಳ ಬಾಯಲ್ಲಿ 'ಅಬ್ಬಿ'ಯದು. ಆಕೆ ಕುಮಟೆ ಬದಿಯಿಂದ ಉಪ್ಪುಂದಕ್ಕೆ ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ಬಂದದ್ದಂತೆ. ಮಗಳನ್ನು ಬೈಂದೂರಿನ ಬದಿಗೆ ಕೊಡುವಾಗ ಅದೇ ಬೀಜವನ್ನು ಮಗಳ ಸೆರಗಿಗೂ ಕಟ್ಟಿದಳು. ಎರಡನೆಯ ಮಳೆಗಾಲ ಕಳೆದ ಬೀಜ ಹುಟ್ಟುವುದಿಲ್ಲ. ಹಾಗಾಗಿ ಬಾಗಿ ವರ್ಷಾ ವರ್ಷಾ ಒಳ್ಳೆಯ ಗಡ್ಡೆ ಆರಿಸಿ ಬೀಜಕ್ಕೆಂದು ನೆಟ್ಟು, ಬೀಜ ತೆಗೆದು, ಮತ್ತೆ ಬಿತ್ತಿ, ನಡುವೆ ಒಂದು ವರ್ಷವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದಳು.

ತಪ್ಪಿದ್ದು ಹೋದ ಮಳೆಗಾಲ. ಮಗ ಹಳೆಯ ಅಡುಗೆಮನೆ ತೆಗೆಸಿ ಹೊಸತು ಮಾಡಿಸಿದ. ಟೈಲ್ಸು, ಗ್ಯಾಸು, ಎಲ್ಲ ಚಂದ. ಜಡೆಗಳಿಗೆ ಗೋಡೆಯ ಮೇಲೊಂದು ಕೊಕ್ಕೆಯೂ ಆಯಿತು. ಆದರೆ ಹೊಗೆಯಿಲ್ಲ. ಆಷಾಢದ ತಂಡಿಗೆ ನೀರುಳ್ಳಿ ಒಂದೊಂದಾಗಿ ಮೆತ್ತಗಾಗಿ ಕೊಳೆತವು, ಡಬ್ಬಿಯಲ್ಲಿದ್ದ ಬೀಜಕ್ಕೂ ಬೂಷ್ಟು ಬಂತು. ಬಚ್ಚಲೊಲೆಯ ಮೇಲೆ ಮರೆತು ಬಿಟ್ಟಿದ್ದ ಒಂದು ತುಂಡು ಜಡೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಬಾಗಿ ಅಷ್ಟನ್ನೂ ಬೀಜಕ್ಕೆಂದು ಬಾವಿಕಟ್ಟೆಯ ಬದಿಯಲ್ಲಿ ನೆಟ್ಟಳು. ತಿನ್ನುವುದಕ್ಕೆಂದು ಪೇಟೆಯ ಪ್ಯಾಕೆಟ್ ಬೀಜ ತಂದು ತೆಂಗಿನಮರದ ಆಚೆಯ ದೊಡ್ಡ ಪಾತಿಯಲ್ಲಿ ಬೆಳೆಸಿದಳು.

ಗಿಡ ಚೆನ್ನಾಗಿ ಏಳುತ್ತಿರುವಾಗ ಬಾರ್ಕೂರಿನಿಂದ ಮಗಳು ನವ್ಯಾಳ ಫೋನು ಬಂತು. ಹೆರಿಗೆಗೆ ದಿನ ಹತ್ತಿರ. ಬಾಣಂತನಕ್ಕೆ ತಾಯಿ ಹೋಗಲೇಬೇಕು.

ರಿಕ್ಷಾದೊಳಗೆ ಕೂತು ಬಾಗಿ ಗಂಡನಿಗೆ ಹೇಳಿದಳು, "ಹ್ವಾಯ್, ಕೇಂತಾ? ಹೊತ್ತ್ ಕಂತುವತಿಗೆ ನೀರ್ ಹಾಕಿ. ಕೊಡಪಾನ ಎತ್ತಿ ಸುರಿಬ್ಯಾಡಿ, ಕೈಯಂಗೆ ಚಿಮುಕ್ಸಿ. ಗಿಡ ಹೂಗ್ ಬಿಟ್ರೆ ಮುರ್ದ್ ಬಿಸಾಡಿ. ಹೂಗ್ ಬಂದ್ರೆ ಗಡ್ಡಿ ಊರೂದಿಲ್ಲೆ."

"ಆಯ್ತ್ ಮಾರಾಯ್ತಿ. ಕಡ್ಲನ್ನೇ ಕಂಡವ ನಾನ್, ನಾಕ್ ಗಿಡ ಕಾಂಬುದ್ ದೊಡ್ಡದಾ?"

"ಕಡ್ಲಿಗೆ ನೀವ್ ನೀರ್ ಹಾಕುದ್ ಇರ್ಲಿಲ್ಯಲೆ" ಎಂದಳು ಬಾಗಿ. ರಿಕ್ಷಾ ಹೊರಟಿತು.

ಬಾವಿ ಬದಿಯದ್ದು ಬೇರೆ ಎಂದು ಹೇಳಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಉಸಿರಾಡಿ ಎಂದು ಯಾರಾದರೂ ಹೇಳಿ ಹೋಗುತ್ತಾರೆಯೇ?

ಗುಡ್ಡ ನಿಯತ್ತಿನಿಂದ ನೋಡಿಕೊಂಡ. ಹಗಲೆಲ್ಲ ಜಗಲಿಯಲ್ಲಿ ಕೂತು ಮಗನ ಬೋಟಿನ ಹರಿದ ಬಲೆ ಹೆಣೆಯುವುದು, ಬಿಸಿಲು ಇಳಿದ ಮೇಲೆ ಹಿತ್ತಲು. ಬೊಗಸೆಯಲ್ಲಿ ನೀರು ಚಿಮುಕಿಸುತ್ತ ಸಾಲಿನಿಂದ ಸಾಲಿಗೆ ಹೋಗುವುದು ಅವನಿಗೆ ಹಿತವಾಗತೊಡಗಿತು. ಒಂದು ದಿನ ದೊಡ್ಡ ಪಾತಿಯಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ನಡುವಿನಿಂದ ಕೊಳವೆಯಂಥ ದಂಟು ಎದ್ದಿತ್ತು. ತುದಿಯಲ್ಲಿ ತೆಳ್ಳನೆಯ ಪೊರೆ ಕಟ್ಟಿದ ಮೊಗ್ಗು. ಓಹೋ, ಹೂವು ಅಂದರೆ ಇದೇ ಎಂದುಕೊಂಡು ಮುರಿದ.

ಬಾವಿಕಟ್ಟೆಗೆ ಬಂದು ಬಗ್ಗಿ ನೋಡಿದ. ಅಲ್ಲಿ ಒಂದೆರಡಲ್ಲ, ಇದ್ದಬದ್ದ ಗಿಡವೆಲ್ಲ ಹೂವಿಗೆ ಬಂದಿತ್ತು. ಒಂದೊಂದರಲ್ಲಿ ಎರಡು ಮೂರು ದಂಟು, ಹೆಬ್ಬೆರಳಿನಷ್ಟು ದಪ್ಪ. ಸೊಸೆ ಸೌಜನ್ಯ ಬಟ್ಟೆ ಒಣಹಾಕುತ್ತಿದ್ದಳು. ಅವಳು ಸಿದ್ದಾಪುರದ ಬದಿಯ ಹುಡುಗಿ.

"ಹೆಣ್ಣೆ, ಇಲ್ಲ್ ಬಾ ಕಾಂಬ. ಇದೆಂತ, ಎಲ್ಲ ಹೂಗ್ ಬಿಟ್ಟ್ ಕೂತಿತ್ತಲೆ!"

"ನಮ್ಮ್ ಬದಿಗ್ ನೀರುಳ್ಳಿ ಬೆಳಿತಿಲ್ಲೆ ಮಾವ. ಅದೆಲ್ಲ ಅತ್ತಿಯದ್ದೇ ಕೆಲ್ಸ, ನಂಗೊತ್ತಿಲ್ಲೆ."

ಗುಡ್ಡ ಪಂಚೆ ಎತ್ತಿ ಕಟ್ಟಿ ಕೂತ. ದಂಟು ಟಪ್ಪೆಂದು ಮುರಿಯುತ್ತಿತ್ತು, ಒಳಗೆ ಟೊಳ್ಳು. ಒಂದನ್ನೂ ಬಿಡಲಿಲ್ಲ. ಕೈಗೆಲ್ಲ ನೀರುಳ್ಳಿಯ ವಾಸನೆ. ಸರಿಯಾದ ಹೊತ್ತಿಗೆ ಕಂಡಿತಲ್ಲ ಎಂಬ ಸಮಾಧಾನದಲ್ಲಿ ಫೋನು ಮಾಡಿಸಿದ.

"ಹೂಗೆಲ್ಲ ತೆಗ್ದಾಯ್ತ್, ಹೆದ್ರ್‌ಬ್ಯಾಡ."

ಅತ್ತ ಮಗು ಅಳುತ್ತಿತ್ತು. "ಒಳ್ಳೇದಾಯ್ತ್, ಇಡ್ತೆ" ಎಂದಳು ಬಾಗಿ.

ಬಾಣಂತನ ಮುಗಿಸಿ ಅವಳು ತಿರುಗಿ ಬಂದಾಗ ಬಿಸಿಲು ಕಾಯತೊಡಗಿತ್ತು. ಕೈಚೀಲದಲ್ಲಿ ಮಗಳ ಒಂದು ಹಳೆಯ ಮೆತ್ತನೆಯ ಸೀರೆ. ಹೂವಿನ ಗೊಂಡೆ ಕಪ್ಪಾಗಿ ಬೀಜ ಉದುರುವ ಮೊದಲು ಅದಕ್ಕೆ ಬಟ್ಟೆ ಕಟ್ಟಬೇಕಲ್ಲ, ಅದಕ್ಕೆಂದು ಬೇಡಿ ತಂದದ್ದು. ಕಾಲನ್ನೂ ತೊಳೆಯದೆ ಅವಳು ನೆಟ್ಟಗೆ ಬಾವಿಯ ಬದಿಗೆ ನಡೆದಳು. ಗುಡ್ಡ ಹಿಂದೆಯೇ ಹೋದ. ಮೆಚ್ಚುತ್ತಾಳೆ ಎಂದುಕೊಂಡಿದ್ದ.

"ಇದ್ ಯಾರ್ ಮುರ್ದದ್ದ್?"

"ನಾನೇ. ಒಂದೂ ಬಿಡ್ಲಿಲ್ಲೆ ಕಾಣ್."

ಬಾಗಿ ಅವನ ಮುಖ ನೋಡಿದಳು. ಚೀಲ ಎದೆಗೊತ್ತಿಕೊಂಡು ಒಳಗೆ ಹೋದಳು.

ಬೈದಿದ್ದರೆ ಗುಡ್ಡನಿಗೆ ಹೆದರಿಕೆಯಾಗುತ್ತಿರಲಿಲ್ಲ. ಬಾಗಿ ಬೈಯುವ ಹೆಂಗಸು. ಬರಿಗೈಯಲ್ಲಿ ಬಂದರೆ ಮೀನಿಲ್ಲವೆಂದು ಬೈಯುತ್ತಿದ್ದಳು. ಬುಟ್ಟಿ ತುಂಬಾ ಬಂಗುಡೆ ತಂದರೆ ಜಗಲಿಯೆಲ್ಲ ಒದ್ದೆ ಮಾಡಿದಿರೆಂದು ಬೈಯುತ್ತಿದ್ದಳು. ಆ ಬೈಗುಳದ ಸದ್ದು ಕೇಳಿದರೇನೇ ಅವನಿಗೆ ದಡ ಮುಟ್ಟಿದ ಹಾಗೆ. ಈಗ ಅವಳು ಅನ್ನ ಬಡಿಸಿದಳು, ಸಾರು ಬಡಿಸಿದಳು, ಮಾತು ಬಡಿಸಲಿಲ್ಲ.

ಕಡೆಗೆ ಸೌಜನ್ಯಳೇ ಬಂದು ಹೇಳಿದಳು. "ಮಾವ, ಬಾವಿ ಬದಿದ್ ಬೀಜಕ್ಕ್ ಬಿಟ್ಟ್ ಗಿಡ ಅಂಬ್ರ್. ಆ ಹೂಗೇ ಬೀಜ ಆಪುದಂಬ್ರ್. ಅತ್ತಿ ಅಬ್ಬಿದ್ ಬೀಜ ಬೇರೆ ಎಲ್ಲೂ ಇಲ್ಯಂಬ್ರ್."

ಗುಡ್ಡ ಬಲೆಯ ಸೂಜಿ ಕೆಳಗಿಟ್ಟ. ಮತ್ತೆ ಅದನ್ನು ಎತ್ತಿಕೊಳ್ಳಲು ಅವನಿಗೆ ಮನಸ್ಸೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಉಪ್ಪುಂದಕ್ಕೆ ಹೋದ. ಅಲ್ಲಿ ಬಾಗಿಯ ತವರುಮನೆ. ಅಣ್ಣ ತೀರಿಹೋಗಿದ್ದ, ಅಣ್ಣನ ಹೆಂಡತಿ ರತ್ನ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು.

"ಏನ್ ಭಾವ, ಒಬ್ರೇ? ಈ ಪ್ರಾಯದಂಗೆ ಹೆಣ್ಣ್ ಕಾಂಬುಕೆ ಹೊರಟ್ರ್ಯಾ?"

"ಒಂದ್ ಹೆಣ್ಣೇ ಸುಧಾರ್ಸುದ್ ಸಾಕಾಯ್ತ್. ರತ್ನ, ನಿಮ್ಮಲ್ಲ್ ಆ ನೀರುಳ್ಳಿ ಬೀಜ ಇತ್ತಾ? ಅತ್ತಿಯದ್ದ್?"

"ಅಯ್ಯೋ ದೇವ್ರೇ, ಅತ್ತಿ ಹೋದ್ ಮೇಲೆ ಯಾರ್ ಹಾಕ್ತ್ರ್? ಆ ಜಾಗಕ್ಕ್ ಮಗ ಇಂಟರ್‌ಲಾಕ್ ಹಾಕ್ಸಿದ, ಕಾಣಿ, ಕಾರ್ ನಿಂತಿತ್ತಲೆ. ಬಾಗಿ ಹತ್ರ ಇತ್ತಲೆ?"

"ಇತ್ತ್."

ರತ್ನ ಮೀನು ಹರಡುವುದನ್ನು ಬಿಟ್ಟು ಅವನನ್ನೇ ನೋಡಿದಳು. "ನೀವ್ ಎಂತ ಮಾಡಿದ್ರಿ?"

"ಹೂಗ್ ಮುರ್ದೆ."

ರತ್ನ ಸೆರಗು ಬಾಯಿಗೆ ಒತ್ತಿ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನಾ ಮದಿಯಾಯಿ ಬಂದ್ ವರ್ಷ, ಚಂದ ಕಂಡಿತ್ತಂದ್ ಒಂದ್ ಗೊಂಡೆ ಕೊಯ್ದ್ ಮುಡ್ಕಂಡಿದ್ದೆ, ಭಾವ. ಅತ್ತಿ ಅಂಗಳ ಗುಡ್ಸುವ ಹಿಡಿಸೂಡಿ ಹಿಡ್ಕಂಡ್ ಕಡ್ಲ್ ತನ್ಕ ಅಟ್ಟಿಸ್ಕಂಡ್ ಬಂದಿರ್. ಬಪ್ಪವ್ರ್ ಹೋಪವ್ರೆಲ್ಲ ನಿಂತ್ ಕಂಡಿರ್. ಬೈಸಾರಿ ದೀಪ ಹಚ್ಚುವತಿಗೆ ಅವ್ರೇ ಕರ್ದ್ ಗಂಜಿ ಬಡ್ಸಿರ್, ಅದೇ ನೀರುಳ್ಳಿ ಜಜ್ಜಿ." ಅವಳು ಕಾರು ನಿಂತ ಜಾಗದ ಕಡೆ ನೋಡಿದಳು. "ಆ ನೀರುಳ್ಳಿ ತಿಂದ್ ಎಷ್ಟ್ ಕಾಲ ಆಯ್ತ್."

ಚಾ ಕುಡಿದು ಗುಡ್ಡ ಎದ್ದ.

ಮನೆಗೆ ಬಂದಾಗ ಬಾಗಿ ಅಂಗಳದಲ್ಲೇ ಇದ್ದಳು. "ಎಲ್ಲಿಗ್ ಹೋಯ್ದಿರಿ?"

"ಉಪ್ಪುಂದಕ್ಕೆ."

"ಅಲ್ಲಿ ಇಲ್ಲೆ ಅಂದ್ ನಂಗೊತ್ತಿತ್ತ್. ಕೇಂಡಿದ್ರೆ ಹೇಳ್ತಿದ್ದೆ."

"ಕೇಂಬುಕೆ ನೀ ಬಾಯ್ ಬಿಟ್ರಲ್ದಾ?"

ಬಾಗಿ ಮೆಟ್ಟಿಲ ಮೇಲೆ ಕೂತಳು. ಅವಳು ಮಾತಾಡಿದ್ದು ಅವನಿಗೋ, ಎದುರಿನ ತೆಂಗಿನಮರಕ್ಕೋ ತಿಳಿಯುವಂತಿರಲಿಲ್ಲ. "ಅಬ್ಬಿ ಕೊಟ್ಟ್ ಚಿನ್ನ ದೋಣಿಗ್ ಹೋಯ್ತ್. ಅಬ್ಬಿ ಸೀರಿ ಹರ್ದ್ ಮಕ್ಕಳ ತೊಟ್ಲಿಗ್ ಹೋಯ್ತ್. ಅಬ್ಬಿದ್ ಅಂದ್ ಕೈಯಂಗೆ ಹಿಡುಕೆ ಉಳ್ದದ್ದ್ ಅದೊಂದೇ."

ಹೊತ್ತು ಕಂತುತ್ತಿತ್ತು. ಗುಡ್ಡ ಕೊಡಪಾನ ಹಿಡಿದು ಬಾವಿಯ ಬದಿಗೆ ಹೋಗಿ, ದಂಟು ಮುರಿದ ಗಿಡಗಳಿಗೆ ಬೊಗಸೆಯಲ್ಲಿ ನೀರು ಚಿಮುಕಿಸತೊಡಗಿದ.

"ಸತ್ತದ್ದಕ್ಕ್ ಎಂತಕೆ ನೀರ್ ಹಾಕ್ತ್ರಿ?"

"ಎಲೆ ಹಸ್ರಿತ್ತಲೆ. ನೀರ್ ಹಾಕ್ ಅಂದವ್ಳ್ ನೀನೇ, ನಿಲ್ಸ್ ಅಂದ್ ಹೇಳಿಲ್ಲೆ."

ನಿಲ್ಲಿಸಿ ಎಂದು ಆಮೇಲೂ ಅವಳು ಹೇಳಲಿಲ್ಲ. ಅವನೂ ನಿಲ್ಲಿಸಲಿಲ್ಲ. ದೊಡ್ಡ ಪಾತಿಯ ಪೇಟೆ ನೀರುಳ್ಳಿ ಕಿತ್ತು ಮುಗಿಯಿತು. ಬಾವಿ ಬದಿಯದ್ದಕ್ಕೆ ಅವನು ಹಾಕುತ್ತಲೇ ಇದ್ದ. ಅವಳು ಒಂದೊಂದೇ ಮಾತಿಗೆ ತಿರುಗಿದ್ದಳು. ಆದರೂ ಬಾವಿಯ ಆ ಬದಿಗೆ ಹೋಗಿ ನೀರು ಸೇದುತ್ತಿರಲಿಲ್ಲ, ಸುತ್ತು ಹಾಕಿ ಈಚೆಯಿಂದ ಸೇದುತ್ತಿದ್ದಳು.

ಬಿಸಿಲು ಏರಿ ಆ ಗಿಡಗಳ ಎಲೆಯೂ ಹಳದಿಯಾಗಿ ನೆಲಕ್ಕೆ ಒರಗಿದವು. ಒಂದು ಬೆಳಿಗ್ಗೆ ಬಾಗಿ ಬಸಳೆಯ ಬಳ್ಳಿ ಹಿಡಿದು ಬಂದಳು. "ಅದನ್ನ್ ಕಿತ್ತ್ ತೆಗಿನಿ. ಇಲ್ಲ್ ಬಸಳೆ ಹಾಕ್ತೆ."

ಗುಡ್ಡ ಕೂತು ಹೊಯ್ಗೆಯೊಳಗೆ ಕೈ ಇಳಿಸಿದ. ಮೊದಲನೆಯದು ಕೊಳೆತು ಲೋಳೆಯಾಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಬೆರಳು ತಾಗಿದಾಗ ಅವನು ತಡೆದ. ಬಲೆಯಲ್ಲಿ ಮೀನಿದೆಯೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಸುತ್ತ ಹೊಯ್ಗೆ ಬಿಡಿಸಿ ಮೆಲ್ಲನೆ ಎತ್ತಿದ. ಒಂದು ಗಡ್ಡೆ ನೆಟ್ಟ ಜಾಗದಲ್ಲಿ ನಾಲ್ಕಾರು ಸಣ್ಣ ಗಡ್ಡೆಗಳು ಮೈಗೆ ಮೈ ಅಂಟಿಸಿಕೊಂಡು ಕೂತಿದ್ದವು. ಚಪ್ಪಟೆ, ತಿಳಿ ಕೆಂಪು.

"ಬಾಗಿ. ಇದೆಂತ ಕಾಣ್."

ಬಾಗಿ ಬಸಳೆ ಬಳ್ಳಿ ಅಲ್ಲೇ ಬಿಟ್ಟು ಹೊಯ್ಗೆಯಲ್ಲಿ ಕುಕ್ಕರಿಸಿದಳು. ಮುಂದಿನದನ್ನು ತಾನೇ ಬಗೆದಳು. ಅದರಲ್ಲೂ ಮೂರು. ಅದರಾಚೆಯದರಲ್ಲೂ. ಗಿಡ ಹೂವಿಗೆ ಹಾಕಬೇಕಿದ್ದ ಜೀವವನ್ನೆಲ್ಲ ಕೆಳಗೆ ಮರಿಗಳಿಗೆ ಹಾಕಿತ್ತು.

"ಹಿಂಗಾತ್ತ್ ಅಂದ್ ನಿಂಗೊತ್ತಿತ್ತಾ?" ಗುಡ್ಡ ಕೇಳಿದ.

"ನಂಗ್ ಹ್ಯಾಂಗ್ ಗೊತ್ತಾತ್ತ್? ಬೀಜದ್ ಗಿಡದ್ ಹೂಗ್ ಮುರಿವ ಬುದ್ಧಿವಂತ ನಮ್ಮ್ ಕುಲದಂಗೇ ಹುಟ್ಟಿರ್ಲಿಲ್ಲೆ!" ಎಂದಳು. ಆಮೇಲೆ ನಿಲ್ಲಲೇ ಇಲ್ಲ. "ಕಡ್ಲ್ ಕಂಡವ ಅಂಬ್ರ್! ನಾಕ್ ಗಿಡ ಕಾಂಬುದ್ ದೊಡ್ಡದಲ್ಲ ಅಂಬ್ರ್! ಹೂಗ್ ಕಂಡ್ರೆ ಸಾಕ್, ದನ ಬಂದಾಂಗ್ ಬಂದ್ರಲೆ..."

ಗುಡ್ಡ ತಲೆ ತಗ್ಗಿಸಿ ಹೊಯ್ಗೆ ಬಗೆಯುತ್ತ ಕೇಳಿಸಿಕೊಂಡ. ಎಷ್ಟು ದಿನವಾಗಿತ್ತು ಇದನ್ನು ಕೇಳದೆ. ಅಡುಗೆಮನೆಯ ಕಿಟಕಿಯಿಂದ ಸೌಜನ್ಯ ಇಣುಕಿ ನೋಡಿ, ಗಾಬರಿಯಾಗುವ ಸಂಗತಿಯಲ್ಲವೆಂದು ತಿಳಿದು ಒಳಗೆ ಸರಿದಳು.

ಎಲ್ಲ ಬಗೆದಾದ ಮೇಲೆ ಬಾಗಿ ಗಟ್ಟಿಯವನ್ನು ಮಡಿಲಿಗೆ ಹಾಕಿಕೊಂಡಳು. ಮಡಿಲು ತುಂಬಲಿಲ್ಲ, ಖಾಲಿಯೂ ಇರಲಿಲ್ಲ. ಮಳೆ ಕಳೆದು ಇವನ್ನು ನೆಟ್ಟು, ಹೂವಾಗಿ, ಬೀಜವಾಗಿ, ಆ ಬೀಜ ಬಿತ್ತಿ ಒಂದು ಜಡೆ ಹೆಣೆಯಬೇಕಾದರೆ ಇನ್ನೂ ಎರಡು ಬೇಸಗೆ ಕಳೆಯಬೇಕು. ಅವಳು ಮನಸ್ಸಿನಲ್ಲೇ ಅದನ್ನು ಲೆಕ್ಕ ಹಾಕುತ್ತಿರುವುದು ಗುಡ್ಡನಿಗೆ ಗೊತ್ತಾಯಿತು. ಅವನೂ ಅದನ್ನೇ ಯೋಚಿಸುತ್ತಿದ್ದ.

ಮಡಿಲಿನಿಂದ ಒಂದನ್ನು ತೆಗೆದು ಅವಳು ಬಾವಿಕಟ್ಟೆಯ ಕಲ್ಲಿನ ಮೇಲಿಟ್ಟಳು.

"ಹೋಯ್, ಬ್ಯಾಡ. ಬೀಜಕ್ಕ್ ಇರ್ಲಿ."

ಅವಳು ಕೇಳಲಿಲ್ಲ. ಮುಷ್ಟಿಯಿಂದ ಒಂದು ಗುದ್ದು. ಅರ್ಧ ಅವನ ಕೈಗೆ ಹಾಕಿದಳು. ಗುಡ್ಡ ಬಾಯಿಗಿಟ್ಟುಕೊಂಡ. ಹೊಗೆಯ ವಾಸನೆಯಿಲ್ಲ, ಮಳೆಗಾಲದ ಗಟ್ಟಿತನವಿಲ್ಲ. ನೀರು ನೀರಾಗಿ, ಹೊಯ್ಗೆಯ ತಂಪಿನ ಜೊತೆ, ಸಿಹಿ ಮಾತ್ರ ಅದೇ. ಇಷ್ಟು ವರ್ಷ ತಿಂದವನು ಮಣ್ಣಿನಿಂದ ಆಗ ಕಿತ್ತದ್ದನ್ನು ಒಂದು ಸಲವೂ ತಿಂದಿರಲಿಲ್ಲ. ಪ್ರತಿ ಬೇಸಗೆಯೂ ಅವನು ನೀರಿನ ಮೇಲಿದ್ದ, ಬಾಗಿ ಇಲ್ಲಿ ಹೊಯ್ಗೆಯಲ್ಲಿದ್ದಳು.

"ಹ್ಯಾಂಗಿತ್ತ್?"

"ನೀ ಇಷ್ಟ್ ವರ್ಷ ಇದನ್ನ ಒಬ್ಳೇ ತಿಂದದ್ದಾ?"

ಬಾಗಿ ನಕ್ಕಳು. ಮಡಿಲು ಒತ್ತಿ ಹಿಡಿದು ಎದ್ದಳು. "ಬಪ್ಪ್ ವರ್ಷ ಇವು ಹೂಗ್ ಬಿಡ್ತೊ. ನೀವ್ ಈ ಬದಿಗ್ ಬಪ್ಪುಕಾಗ."

"ಬತ್ತೆ. ಬರೀ ಕಾಂಬುಕೆ. ನಾ ಹೂಗ್ ಅರಳಿದ್ ಕಾಣ್ಲೇ ಇಲ್ಯಲೆ."

ಅವಳು ಬಿಟ್ಟಿದ್ದ ಬಸಳೆ ಬಳ್ಳಿ ಎತ್ತಿಕೊಂಡಳು.

"ಆಯ್ತ್. ಕೈ ಎರಡೂ ಹಿಂದೆ ಕಟ್ಕಂಡ್ ಬನಿ."