ಒಳಗಿನ ಚಿಲಕ

ಗಿರಾಕಿ ಬಾಗಿಲ ಹೊರಗೆ ನಿಂತಿದ್ದಳು, ಟೈಲರಕ್ಕ ಒಳಗೆ. ಬಾಗಿಲು ತೆರೆಯಬೇಕಾದರೆ ಊರಿನ ಇನ್ನೊಂದು ತುದಿಯಲ್ಲಿ ಕಾರು ಕಲಿಸುತ್ತಿದ್ದ ಟೈಲರಕ್ಕನ ಗಂಡ ತನ್ನ ಫೋನು ನೋಡಬೇಕಿತ್ತು. ಪಕ್ಕದಲ್ಲಿ ಯಾರಾದರೂ ಸ್ಟೀರಿಂಗ್ ಹಿಡಿದು ಬೆವರುತ್ತಿರುವಾಗ ಆತ ಫೋನು ಮುಟ್ಟುವವನಲ್ಲ. ಟೈಲರಕ್ಕ ಕಿಟಕಿಯ ಕಂಬಿಗಳ ನಡುವೆ ಟೇಪು ಚಾಚಿ ಗಿರಾಕಿಯ ತೋಳಿನ ಅಳತೆ ತೆಗೆಯಲು ನೋಡಿದಳು. ಬಟ್ಟೆಯ ಗಂಟು ಮಾತ್ರ ಕಂಬಿಯಲ್ಲಿ ತೂರಲಿಲ್ಲ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಅವಳು ಹೊರಟುಹೋದಳು. ಇನ್ನೊಂದು ದಿನ ಎಂದವರು ಈಚೆಗೆ ಯಾರೂ ಮರಳಿ ಬಂದಿರಲಿಲ್ಲ.

ಬೀದಿಯವರೆಲ್ಲ ಡ್ರೈವಿಂಗ್ ಮೇಷ್ಟ್ರು ಎಂದು ಕರೆಯುತ್ತಿದ್ದ ಆ ಗಂಡ ಕೆಟ್ಟವನೇನಲ್ಲ. ಎದುರುಮನೆಯಲ್ಲಿ ಹಾಡಹಗಲೇ ಕಳ್ಳತನವಾದಾಗ ಹೆದರಿ, ಫೋನಿನಿಂದ ತೆರೆಯುವ ಈ ಬೀಗ ಹಾಕಿಸಿದ್ದ. ಆಮೇಲೆ ಹಜಾರಕ್ಕೆ ಕ್ಯಾಮೆರಾ ಬಂತು. ದೀಪ, ಫ್ಯಾನುಗಳೂ ಫೋನಿನ ಮಾತು ಕೇಳತೊಡಗಿದವು, ಗೋಡೆಯ ಸ್ವಿಚ್ಚುಗಳ ಜಾಗಕ್ಕೆ ಬಿಳಿ ಹಲಗೆ ಬಂತು. ಫೋನಿನಲ್ಲಿ ಒತ್ತಿದ್ದೆಲ್ಲವೂ ಯಾವುದೋ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಪಡೆದು ಮನೆಗೆ ಮರಳಬೇಕು. ಒಮ್ಮೆ ಅವನ ತಾಯಿ ಗಿಡಗಳಿಗೆ ನೀರು ಹಾಕಿ ಬಂದು, ಬಾಗಿಲನ್ನು ತೆರೆದಿಟ್ಟೇ ಮಲಗಿಬಿಟ್ಟಿದ್ದರು. ಅಂದಿನಿಂದ ಒಳಗಿನ ಹಿಡಿಯೂ ತನ್ನ ಒಪ್ಪಿಗೆಯಿಲ್ಲದೆ ತಿರುಗದಂತೆ ಮಾಡಿದ್ದ. ಹೆಂಡತಿಯ ಫೋನಿನಲ್ಲೂ ಆ ಆ್ಯಪ್ ಇತ್ತು. ಅದರಲ್ಲಿ ಅವಳು ಅತಿಥಿ, ಕೇಳಬಹುದು, ತೆರೆಯುವಂತಿಲ್ಲ.

ಅತ್ತೆ ಇದನ್ನು ನಗೆಯಲ್ಲೇ ತೇಲಿಸುತ್ತಿದ್ದರು. ಮಗ ಮನೆ ಕಟ್ಟಿಸಿದ ಅಂದುಕೊಂಡಿದ್ದೆ, ಡಬ್ಬಿ ಕಟ್ಟಿಸಿ ಮುಚ್ಚಳ ಜೇಬಿನಲ್ಲಿಟ್ಟುಕೊಂಡಿದ್ದಾನೆ ಎನ್ನುತ್ತಿದ್ದರು. ಸೊಸೆಗೆ ಮಾತ್ರ ನಗು ಬರುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತಾಗ ಬೆನ್ನಿಗೆ ಕ್ಯಾಮೆರಾ ಚುಚ್ಚಿದಂತಾಗುತ್ತಿತ್ತು. ದಾರದ ಉಂಡೆ ಮುಗಿದರೆ ಅಂಗಡಿ ನಾಲ್ಕು ಹೆಜ್ಜೆ. ಆದರೆ ಹೊರಡುವ ಮೊದಲು ಕಾರಣ ಕೊಡಬೇಕು, ಕಾಯಬೇಕು. ಬರಬರುತ್ತಾ ಅವಳು ಕೇಳುವುದನ್ನೇ ಬಿಟ್ಟಳು. ಬೇಕಾದ್ದನ್ನು ಗಂಡನೇ ತಂದುಕೊಡುತ್ತಿದ್ದ, ಬಣ್ಣ ಮಾತ್ರ ಸದಾ ತಪ್ಪುತ್ತಿತ್ತು.

ಆ ಗಿರಾಕಿ ಹೋದ ದಿನ ಸಂಜೆ ಅವಳು ಮಾತೆತ್ತಿದಳು.

"ನಿಮ್ಮಿಬ್ಬರಿಗೆ ಏನಾದ್ರೂ ಆದ್ರೆ ನಾನು ಏನು ಮಾಡ್ಲಿ ಹೇಳು," ಎಂದ ಮೇಷ್ಟ್ರು. "ದಿನವಿಡೀ ರಸ್ತೇಲಿರ್ತೀನಿ. ಬಾಗಿಲು ಭದ್ರವಾಗಿದೆ ಅಂತ ಒಂದ್ಸಲ ನೋಡಿದ್ರೆ ಜೀವಕ್ಕೆ ಸಮಾಧಾನ."

"ನಿಮ್ಮ ಸಮಾಧಾನ ಬೇಡ ಅಂತಿಲ್ಲ ರೀ. ಕಾರು ಕಲಿಯೋಕೆ ಬಂದೋರ ಕೈಗೂ ಮೊದಲ ದಿನವೇ ಸ್ಟೀರಿಂಗ್ ಕೊಡ್ತೀರಿ. ನನ್ನ ಕೈಗೆ ಒಂದು ಚಿಲಕ ಕೊಡೋಕೆ ಯಾಕೆ ಭಯ?"

ಅವನು ನೋಡೋಣ ಎಂದ. ಆ ಮಾತು ಅಲ್ಲಿಗೇ ನಿಂತಿತು.

ಒಂದು ಮಧ್ಯಾಹ್ನ ಅವಳು ಹೊಲಿದು ಮುಗಿಸಿದ ಪರದೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಪೆಟ್ಟಿಗೆಯ ವೈರು ಬುಡದಲ್ಲಿ ಕಿಡಿ ಹಾರಿಸಿತು. ಪಕ್ಕದ ಬಟ್ಟೆರಾಶಿಗೆ ಬೆಂಕಿ ಹತ್ತಲು ಹೊತ್ತು ಬೇಕಾಗಲಿಲ್ಲ. ಅವಳು ಪ್ಲಗ್ ಕಿತ್ತು, ಅತ್ತೆಯ ಕೈ ಹಿಡಿದು ಬಾಗಿಲಿಗೆ ಓಡಿದಳು. ಹಿಡಿ ತಿರುಗಲಿಲ್ಲ.

"ರೀ, ಬೆಂಕಿ ಹತ್ತಿದೆ. ಬಾಗಿಲು ತೆಗೀರಿ," ಎಂದಳು, ಬಿಡದೆ ಕರೆ ಮಾಡಿದ ಮೇಲೆ ಅವನು ಫೋನೆತ್ತಿದಾಗ.

ಮೇಷ್ಟ್ರು ತನ್ನ ಕಾಲಡಿಯ ಬ್ರೇಕು ಒತ್ತಿ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಆ್ಯಪ್ ತೆರೆದ. ಫೋನಿನ ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಕೊನೆಗೆ ಎರಡು ಸಾಲು ಮೂಡಿದವು: ಸೇವೆ ಸದ್ಯಕ್ಕೆ ಲಭ್ಯವಿಲ್ಲ, ತೊಂದರೆಗೆ ವಿಷಾದಿಸುತ್ತೇವೆ. ಅವನು ಮತ್ತೆ ಒತ್ತಿದ. ಮತ್ತೆ ಅದೇ ವಿಷಾದ.

"ತೆಗೀತಿಲ್ಲ ಕಣೇ," ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ನನ್ನ ಮಾತೂ ಕೇಳ್ತಿಲ್ಲ."

ಅವಳು ಫೋನು ಎಸೆದು ಅತ್ತೆಯನ್ನು ಅಡುಗೆಮನೆಯ ಕಿಟಕಿಗೆ ಒಯ್ದು, ಮುಖವನ್ನು ಕಂಬಿಗೆ ಒತ್ತಿ ನಿಲ್ಲಿಸಿದಳು. ಉಸಿರಿಗೆ ಅಷ್ಟೇ ಜಾಗವಿತ್ತು. ಅತ್ತೆ ಕೆಮ್ಮುತ್ತಲೇ ಪಕ್ಕದ ಮನೆಯ ಬಡಗಿಯನ್ನು ಕೂಗಿದರು. ಸೊಸೆ ಕಂಬಳಿಯನ್ನು ನೀರಲ್ಲಿ ಅದ್ದಿ ಬೆಂಕಿಯ ಮೇಲೆ ಎಸೆದಳು. ಬಕೆಟ್ಟು ಖಾಲಿಯಾದಂತೆ ಮತ್ತೆ ತುಂಬಿ ತಂದು ಸುರಿದಳು. ಉರಿ ತಗ್ಗಿತು. ಹೊಗೆ ಮಾತ್ರ ಕಿಟಕಿಯಿಂದ ಪೂರ್ತಿ ಹೋಗಲಾರದೆ ಅವರೊಂದಿಗೇ ಉಳಿಯಿತು. ಬಾಗಿಲಾಚೆ ಬೀದಿಯ ಜನರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟು ಹತ್ತಿರದಲ್ಲಿ ಅಷ್ಟೊಂದು ಜನ, ಯಾರೂ ಏನೂ ಮಾಡಲಾರರು.

ಬಡಗಿ ಹಾರೆ ತಂದು ಚೌಕಟ್ಟು ಸೀಳುವ ಹೊತ್ತಿಗೆ ಮೇಷ್ಟ್ರು ಬಂದಿದ್ದ. ಬರಿಗೈಯಲ್ಲಿ ಬಾಗಿಲು ಗುದ್ದಿ ಅವನ ಗೆಣ್ಣುಗಳು ಸುಲಿದಿದ್ದವು. ಬಾಗಿಲು ಕಳಚಿದಾಗ ಅತ್ತೆ ಸೊಸೆಯ ಭುಜ ಹಿಡಿದು ಹೊರಬಂದರು. ಮಗನನ್ನು ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಅದನ್ನು ತಡೆದುಕೊಳ್ಳುವುದು ಅವನಿಗೆ ಕಷ್ಟವಾಯಿತು.

ಮರುದಿನ ಅವನು ಕಂಪನಿಗೆ ಫೋನು ಮಾಡಿದ. ಸರ್ವರ್ ದುರಸ್ತಿಯಲ್ಲಿತ್ತೆಂದೂ, ಇಂಥ ಅಡಚಣೆಗೆ ತಾವು ಮೊದಲೇ ಸಮ್ಮತಿಸಿದ್ದೀರೆಂದೂ ಒಂದು ವಿನಯದ ದನಿ ವಿವರಿಸಿತು. ನನ್ನ ಮನೆಯ ಬಾಗಿಲು ನನಗೇ ತೆರೆಯಲಿಲ್ಲವಲ್ಲ ಎಂದು ಅವನು ಮತ್ತೆ ಮತ್ತೆ ಕೇಳಿದ. ಹೇಳುತ್ತಾ ಹೇಳುತ್ತಾ ಹೆಂಡತಿ ಅಂದು ಸಂಜೆ ಕೇಳಿದ್ದೂ ಇದನ್ನೇ ಅಲ್ಲವೇ ಎಂದು ಹೊಳೆದು, ಅರ್ಧಕ್ಕೇ ಫೋನು ಇಟ್ಟ.

ಬಡಗಿ ಹೊಸ ಚೌಕಟ್ಟಿಗೆ ಒಳಗಿನಿಂದ ಕೈಯಲ್ಲೇ ತೆರೆಯುವ ಬೀಗ ಕೂರಿಸಿದ. ಎಲೆಕ್ಟ್ರಿಷಿಯನ್ ಬಿಳಿ ಹಲಗೆಗಳನ್ನು ಕಿತ್ತು ಸ್ವಿಚ್ಚುಗಳನ್ನು ಮರಳಿ ತಂದ. ಫೋನಿನಿಂದ ದೀಪ ಹಾಕುವುದನ್ನು ಪೂರ್ತಿ ಬಿಡಬೇಕಿಲ್ಲ, ಮನೆಯೊಳಗೇ ಒಂದು ಸಣ್ಣ ಪೆಟ್ಟಿಗೆ ಇಟ್ಟರೆ ಮನೆಯ ಮಾತು ಮನೆಯಲ್ಲೇ ಮುಗಿಯುತ್ತದೆ, ಕಂಪನಿ ಮಲಗಿದರೂ ದೀಪ ಹತ್ತುತ್ತದೆ ಎಂದು ತಿಳಿಸಿದ. ಕ್ಯಾಮೆರಾ ಎಲ್ಲಿರಲಿ ಎಂದು ಅವನು ಕೇಳಿದಾಗ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದ.

"ಹೊರಗೆ," ಎಂದಳು ಟೈಲರಕ್ಕ. "ಬೀದಿ ಕಡೆ ಮುಖ ಮಾಡಿ. ಯಾರು ಬಂದ್ರು ಅಂತ ನಾನು ನೋಡ್ತೀನಿ."

ಆ ವಾರದ ರಜೆಯ ದಿನ ಅವಳು ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡಳು. ತಡಿ, ನಾನೂ ಬರ್ತೀನಿ ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ಮೇಷ್ಟ್ರು ತಲೆಯೆತ್ತಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮತ್ತೆ ಪೇಪರಿಗೆ ಬಗ್ಗಿದ. ಬಾಗಿಲು ತೆರೆಯಿತು, ಮುಚ್ಚಿತು.

ಸ್ವಲ್ಪ ಹೊತ್ತಿಗೆ ಬಡಗಿ ಕದದ ತಿರುಪು ಬಿಗಿಮಾಡಲು ಬಂದ. ಅಕ್ಕ ಕಾಣುತ್ತಿಲ್ಲವಲ್ಲ ಎಂದ.

"ಅಮ್ಮನ ಜೊತೆ ಹೊರಗೆ ಹೋಗಿದಾಳೆ."

"ಎಲ್ಲಿಗೆ?"

"ಕೇಳಲಿಲ್ಲ," ಎಂದ ಮೇಷ್ಟ್ರು, ಮತ್ತು ಬಡಗಿಗೆ ಕೂರಲು ಸ್ಟೂಲು ಎಳೆದ.