ಹೇಳಿದರೆ ಗುಣ ಹೋಗುವ ಸೊಪ್ಪು

ಆರನೆಯ ಸಲ ಸುರಪುರದ ಬಸ್ ಹತ್ತಿದ ಕಸ್ತೂರಿಗೆ ಒಂದೇ ಹಟ: ಇವತ್ತು ಹೆಸರು ಹೇಳಿಸದೆ ವಾಪಸ್ ಬರುವುದಿಲ್ಲ. ಸಕ್ಕರೆ ಕಾಯಿಲೆಗೆ ಅಲ್ಲಿನ ನಾಟಿ ವೈದ್ಯೆ ಯಂಕಮ್ಮ ಕೊಡುವ ಪುಡಿಯ ಮೇಲೆ ಯಾದಗಿರಿಯ ಕಾಲೇಜಿನಲ್ಲಿ ಮೂರು ವರ್ಷದಿಂದ ಸಂಶೋಧನೆ ನಡೆಸಿದ್ದಳು. ಗಂಜಿಯನ್ನು ಸಕ್ಕರೆ ಮಾಡುವ ಕಿಣ್ವವನ್ನು ಆ ಪುಡಿಯ ರಸ ಕಟ್ಟಿಹಾಕುತ್ತಿತ್ತು. ಏನು ಬಂತು? ಗಿಡದ ಹೆಸರಿಲ್ಲದ ಪ್ರಬಂಧವನ್ನು ಯಾರೂ ಮೂಸಿ ನೋಡುವುದಿಲ್ಲ. ಈ ತಿಂಗಳೇ ಕೊನೆಯ ಗಡುವು. ಯಂಕಮ್ಮನೋ, ಸೊಪ್ಪನ್ನು ಕುಟ್ಟಿ ಪುಡಿ ಮಾಡಿಯೇ ಕೊಡುವವಳು, ಗಿಡ ಯಾವುದೆಂದು ಬಾಯಿ ಬಿಟ್ಟವಳಲ್ಲ.

"ಹೆಸರು ಹೇಳಿದ್ರ ಗುಣ ಹೋಗತೈತಿ ತಂಗಿ. ನಮ್ಮಪ್ಪ ಆಣಿ ಹಾಕ್ಯಾನ," ಎಂದಳು ಯಂಕಮ್ಮ, ಕುಟ್ಟುವುದನ್ನು ನಿಲ್ಲಿಸದೆ. "ನಾಳಿ ಬಂದ ಮಂದಿಗಿ ಏನ್ ಕೊಡ್ಲಿ, ಬೂದಿ?"

ಕಸ್ತೂರಿಗೆ ಸಿಟ್ಟು ನೆತ್ತಿಗೇರಿತು. ತಡೆದುಕೊಂಡಳು. "ಗುಣ ಹೋಗತೈತೋ ಇಲ್ಲೋ, ನಮ್ಮ ಕಾಲೇಜಿನ್ಯಾಗ ಇಬ್ಬರೂ ಕೂಡಿ ನೋಡೂಣು ಬರ್ರಿ ಯವ್ವಾ. ನಿಮ್ಮ ಔಷಧದ ಮ್ಯಾಲ ನನಗ ನಂಬಿಕಿ ಐತಿ. ನಿಮಗ ಇಲ್ಲೇನು?"

ಯಂಕಮ್ಮನಿಗೆ ಚುರುಕ್ ಅಂದಿತು. ಒನಕೆ ಗೋಡೆಗೆ ಆನಿಸಿ, ಒಂದು ಹಿಡಿ ಪುಡಿ ಸೆರಗಿಗೆ ಕಟ್ಟಿಕೊಂಡು ಎದ್ದೇಬಿಟ್ಟಳು.

ಪ್ರಯೋಗಾಲಯದಲ್ಲಿ ಕಸ್ತೂರಿ ಬಿಡಿಸಿ ಹೇಳಿದಳು. "ಗಂಜಿ ಉಳದಿದ್ರ ಅಯೋಡಿನ್ ಹನಿ ಬಿದ್ದ ಕೂಡ್ಲೇ ನೀಲಿ ಆಗತೈತಿ. ಕಿಣ್ವ ಗಂಜಿ ತಿಂದು ಮುಗಿಸಿತ್ತಂದ್ರ ನೀಲಿ ಆಗಂಗಿಲ್ಲ." ಗಂಜಿ, ಕಿಣ್ವ ಹಾಕಿಟ್ಟ ಎರಡು ನಳಿಕೆಗಳಲ್ಲಿ ಪುಡಿಯಿಲ್ಲದ್ದು ನೀಲಿಯಾಗಲಿಲ್ಲ. ಪುಡಿಯ ರಸವಿದ್ದದ್ದು ಕಡು ನೀಲಿಯಾಯಿತು; ಔಷಧ ಕಿಣ್ವವನ್ನು ತಡೆದಿತ್ತು.

"ಈಗ ಹೇಳ್ರಿ. ಆಮ್ಯಾಲ ಅದೇ ಪುಡಿ ಮತ್ತೊಮ್ಮೆ ಹಾಕೂಣು."

ಯಂಕಮ್ಮ ಕಣ್ಣು ಮುಚ್ಚಿದಳು. "ತಂಗಡಿ."

ಅಯ್ಯೋ ಶಿವನೇ! ಶಹಾಪುರದ ರಸ್ತೆಯುದ್ದಕ್ಕೂ ಹಳದಿ ಹೂ ಬಿಟ್ಟು ನಿಂತ ಅದೇ ಪೊದೆ, ಆರು ಸಲವೂ ಬಸ್ಸಿನ ಕಿಟಕಿಯಿಂದ ಕಂಡದ್ದು! ನಗು ಬಂದರೂ ಕಸ್ತೂರಿ ತುಟಿ ಕಚ್ಚಿ ಮೂರನೆಯ ನಳಿಕೆಗೆ ರಸ ಬಿಟ್ಟಳು. ಹತ್ತು ನಿಮಿಷ ಕಾಯಬೇಕಿತ್ತು. ಗುಣ ಹೋದರೆ ಯಂಕಮ್ಮನ ಔಷಧದ ಜೊತೆ ತನ್ನ ಪ್ರಬಂಧವೂ ಹೋಗುತ್ತದೆಂಬ ಭಯ ಈಗ ಕಸ್ತೂರಿಗೂ ಹತ್ತಿತ್ತು. ಅಯೋಡಿನ್ ಹನಿ ಹಾಕಿದಳು.

ನೀಲಿ. ಮೊದಲಿನಷ್ಟೇ ಕಡು ನೀಲಿ.

ಕಸ್ತೂರಿ ಪುಸ್ತಕ ತೆರೆದು ಹೆಸರು ಬರೆದುಕೊಂಡು ತಲೆಯೆತ್ತಿದರೆ, ಯಂಕಮ್ಮನ ಕಣ್ಣಲ್ಲಿ ದಳದಳ ನೀರು.

"ನನ್ನ ಮಗಳು ಸೌಭಾಗ್ಯ ಈ ಔಷಧ ಕಲಿತೀನಿ ಅಂದಿದ್ಲು. ಹೆತ್ತ ಮಗಳಿಗೂ ಹೇಳಲಿಲ್ಲ ನಾ. ಸಿಟ್ಟಾಗಿ ಹ್ವಾದಾಕಿ, ಹನ್ನೊಂದು ವರ್ಷಾತು, ತವರಿಗಿ ಬಂದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಫೋನ್ ಹಚ್ಚು ತಂಗಿ."

ಆ ಕಡೆಯಿಂದ ದನಿ ಕೇಳಿದ್ದೇ ತಡ, ಯಂಕಮ್ಮ ಕಾಲೇಜಿಗೆಲ್ಲ ಕೇಳುವಂತೆ ಕೂಗಿದಳು: "ಸೌಭಾಗ್ಯಾ, ತಂಗಡಿ ಅವ್ವಾ ಅದು, ತಂಗಡಿ!"