ಎಳನೀರಿನ ಪಾದ್ರಿ

ವಿಮಲಮ್ಮ ಉಪ್ಪಿಟ್ಟಿನ ತಟ್ಟೆಯನ್ನು ಸುವರ್ಣಮ್ಮನವರ ಮುಂದೆ ಇಡುತ್ತಿದ್ದಾಗಲೇ ಬಾಗಿಲಿನಿಂದ ಕೂಗು ಕೇಳಿಸಿತು.

"ವಿಮಲವ್ವಾ! ಫಾದರ್ನ ಇನ್ನೇನು ಎತ್ತುತವ್ರೆ. ಒಂದು ಹಿಡಿ ಮಣ್ಣು ಹಾಕಾಕೆ ಬರಾಕಿಲ್ವಾ?"

ಪುಟ್ಟಗಂಗಮ್ಮನ ದನಿ. ತಟ್ಟೆ ವಿಮಲಮ್ಮನ ಕೈಯಲ್ಲೇ ಉಳಿಯಿತು.

ಸುವರ್ಣಮ್ಮನವರು ಮಗನಿಗೆ ಹೆಣ್ಣು ನೋಡಲು ತಿಪಟೂರಿನಿಂದ ಬಂದಿದ್ದರು. ವಿಮಲಮ್ಮನ ಮಗಳು ಗಿರಿಜಾಂಬಿಕೆ ಅವರ ಮನಸ್ಸಿಗೆ ಹಿಡಿಸಿದ್ದಳು. ಬಾಯಿಬಿಟ್ಟು ಹೇಳುವುದಷ್ಟೇ ಬಾಕಿ. ಈಗ ಅವರು ಕತ್ತು ಚಾಚಿ ನೋಡಿದರು. ಬೆರಳು ಸವೆದುಹೋದ ಎರಡು ಕೈಗಳನ್ನೂ ಎದೆಗೊತ್ತಿಕೊಂಡು ಜಗಲಿಯ ಕೆಳಗೆ ಒಬ್ಬ ಮುದುಕಿ ನಿಂತಿದ್ದಳು.

"ಇದೇನ್ರೀ, ಕುಷ್ಠದವಳು ನಿಮ್ಮ ಹೆಸರು ಹಿಡಿದು ಕೂಗ್ತಾಳೆ? ಗೊತ್ತಾ ನಿಮಗೆ?"

"ಇಲ್ಲ ಕಣ್ರೀ. ಯಾರೋ ಏನೋ. ನಾನು ನೋಡೇ ಇಲ್ಲ" ಎಂದಳು ವಿಮಲಮ್ಮ.

ಪುಟ್ಟಗಂಗಮ್ಮ ಒಳಗಿನ ರೇಷ್ಮೆ ಸೀರೆಗಳನ್ನು, ಗಿರಿಜೆಯ ಮುಡಿಯಲ್ಲಿದ್ದ ಮಲ್ಲಿಗೆಯನ್ನು ನೋಡಿದಳು.

"ಮನೆ ತಪ್ಪಿ ಬಂದೆ ಕಣ್ರವ್ವ. ನಾನು ಹುಡುಕ್ತಿದ್ದದ್ದು ಹಿಂದ್ಲ ಬೀದಿ ವಿಮಲವ್ವನ್ನ. ಕಣ್ಣು ಸರಿಯಾಗಿ ಕಾಣಾಕಿಲ್ಲ. ತಪ್ಪಾಯ್ತು ಬುಡಿ."

ಹಿಂದಿನ ಬೀದಿಯಲ್ಲಿ ವಿಮಲವ್ವ ಎಂಬುವವರು ಯಾರೂ ಇರಲಿಲ್ಲ. ಪುಟ್ಟಗಂಗಮ್ಮನ ಕಣ್ಣಿಗೂ ಏನೂ ಆಗಿರಲಿಲ್ಲ.

*

ಗಿರಿಜೆ ಇನ್ನೂ ಮೊಲೆಹಾಲು ಕುಡಿಯುತ್ತಿದ್ದ ಕಾಲ. ರೊಟ್ಟಿ ಹೆಂಚು ಮುಂಗೈಗೆ ತಗುಲಿ ಬೊಬ್ಬೆ ಎದ್ದರೂ ವಿಮಲಮ್ಮನಿಗೆ ಉರಿ ಗೊತ್ತಾಗಲಿಲ್ಲ. ಅಲ್ಲೊಂದು ಬಿಳಿಚಿದ ಮಚ್ಚೆಯಿತ್ತು. ಗಂಡ ಶಂಭುಲಿಂಗಯ್ಯ ತನ್ನ ತಾಯಿಗೂ ತಿಳಿಸದೆ ಅವಳನ್ನು ಕಂದಿಕೆರೆಯಂಚಿನ ಕುಷ್ಠದ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಕಸ ಗುಡಿಸುತ್ತಿದ್ದ ಪುಟ್ಟಗಂಗಮ್ಮ ಕೂಸನ್ನು ಮುಟ್ಟದೆ, ದೂರದಿಂದಲೇ ಲಾಲಿ ಹೇಳಿ ಅಳು ನಿಲ್ಲಿಸಿದ್ದಳು.

ಆಸ್ಪತ್ರೆ ನಡೆಸುತ್ತಿದ್ದವರು ಫಾದರ್ ಅನ್ಸೆಲ್ಮ್. ಸಮುದ್ರದಾಚೆಯಿಂದ ಬಂದು, ಈ ಸೀಮೆಯ ರೈತರ ಮಾತನ್ನೇ ಕಲಿತಿದ್ದರು.

"ಗುಳಿಗೆ ನುಂಗಿದ್ರೆ ವಾಸಿಯಾಯ್ತದೆ ಕಣವ್ವ. ಆದ್ರೆ ಮಧ್ಯ ಬುಡಬಾರ್ದು."

"ನಾನಿಲ್ಲಿಗೆ ಬರೋದನ್ನ ಜನ ನೋಡಿದ್ರೆ ಕೆಟ್ಟೆ ಸ್ವಾಮಿ."

"ನೀನ್ಯಾಕೆ ಬತ್ತೀಯ? ನಾನೇ ಬತ್ತೀನಿ. ನಿಮ್ಮ ತೋಟದ ಎಳನೀರು ಬಲು ಸೀಯಂತಲ್ಲ!"

ಅಂದಿನಿಂದ ಅವರ ಸೈಕಲ್ಲು ತೋಟದ ದಾರಿ ಹಿಡಿಯಿತು. ಗುಳಿಗೆಯ ಪೊಟ್ಟಣ ಕೊಟ್ಟು, ಹೋಗಿ ಬರುವವರ ಕಣ್ಣಿಗೆ ಬೀಳುವಂತೆ ನಿಂತು ಎಳನೀರು ಕುಡಿಯುತ್ತಿದ್ದರು. ಅದು ಅವರ ಮೈಗೆ ಒಗ್ಗುತ್ತಿರಲಿಲ್ಲ. ಸೀನುತ್ತ ಸೀನುತ್ತ ಹಿಂದಿರುಗುತ್ತಿದ್ದರು. "ಆಗ್ದಿದ್ರೆ ಯಾಕೆ ಕುಡೀತೀರಿ?" ಎಂದು ವಿಮಲಮ್ಮ ಕೇಳಿದರೆ, "ಕುಡೀದೆ ಹೋದ್ರೆ ಇವನಿಗೇನು ಕೆಲಸ ಇಲ್ಲಿ ಅಂತಾರೆ ಕಣವ್ವ" ಎಂದು ಮೂಗು ಒರೆಸಿಕೊಳ್ಳುತ್ತಿದ್ದರು. ಊರು ಅವರಿಗೆ ಎಳನೀರಿನ ಪಾದ್ರಿ ಎಂದು ಹೆಸರಿಟ್ಟು ನಕ್ಕಿತು.

ಒಂದು ದಿನ ಅವಳ ಕಣ್ಣು ಮುಚ್ಚಿಸಿ ಮಚ್ಚೆಯ ಮೇಲೆ ಗರಿಕಡ್ಡಿಯಿಂದ ಚುಚ್ಚಿದರು. "ಹಾ!" ಎಂದು ಅವಳು ಕೈ ಎಳೆದುಕೊಂಡಾಗ ಹುಡುಗನ ಹಾಗೆ ಚಪ್ಪಾಳೆ ತಟ್ಟಿದ್ದರು.

*

ಇವತ್ತು ಬೆಳಿಗ್ಗೆ ಫಾದರ್ ತೀರಿಕೊಂಡ ಸುದ್ದಿ ತಿಳಿದ ಕೂಡಲೇ ಶಂಭುಲಿಂಗಯ್ಯ ಕೊಬ್ಬರಿ ಮಾರುವ ನೆಪ ಹೇಳಿ ಊರು ಬಿಟ್ಟಿದ್ದ. "ಇವತ್ತು ಬಾಗಿಲಿಗೆ ಬರಬೇಡ" ಎಂದಷ್ಟೇ ಹೆಂಡತಿಗೆ ಹೇಳಿದ್ದ. ಆದರೆ ಸುವರ್ಣಮ್ಮನವರನ್ನು ಬಸ್ಸಿಗೆ ಹತ್ತಿಸಬೇಕಿತ್ತು, ಬಸ್ಸು ನಿಲ್ಲುವುದು ಆಸ್ಪತ್ರೆಯ ಎದುರಿಗೇ.

ರಸ್ತೆಯಲ್ಲಿ ಜನ ಕೂಡಿದ್ದರು. ಬೇಲಿ ದಾಟಿ ಒಳಗೆ ಹೋದವರಿಲ್ಲ. ಒಳಗೆ ರೋಗಿಗಳೇ ಕುಂಟುತ್ತ ಪೆಟ್ಟಿಗೆ ಹೊತ್ತು ತಂದರು. ತುಮಕೂರಿನಿಂದ ಬಂದಿದ್ದ ಇನ್ನೊಬ್ಬ ಫಾದರ್ ಪ್ರಾರ್ಥನೆ ಓದುತ್ತಿದ್ದರು.

"ಗುಂಡೀಲಿ ನಮ್ಮೋರಂಗೆ ಕೂರ್ಸಲ್ವಂತಾ?" ಎಂದು ಒಬ್ಬ ಕೇಳಿದ.

"ಮಲಗಿಸ್ತಾರೆ ಕಣ್ಲಾ" ಎಂದ ಅಂಗಡಿಯ ಕರಿಬಸವಯ್ಯ. ಆಮೇಲೆ ವಿಮಲಮ್ಮನ ಕಡೆ ತಿರುಗಿ, "ಏನಮ್ಮಾ, ಇನ್ನು ನಿಮ್ಮ ತೋಟದ ಎಳನೀರು ಉಳೀತು ಬುಡಿ! ಎಷ್ಟು ಚಪಲ ಇತ್ತು ಆ ವಯ್ಯಂಗೆ!" ಎಂದ.

ಸುತ್ತಲಿನವರು ನಕ್ಕರು. ಸುವರ್ಣಮ್ಮನವರೂ ನಕ್ಕು ಅವಳ ಮುಖ ನೋಡಿದರು. ಅಲ್ಲ ಎನ್ನಲು ವಿಮಲಮ್ಮನ ಬಾಯಿ ತೆರೆಯಿತು. ತೆರೆದ ಬಾಯಿ ಅವರ ಜೊತೆಗೇ ನಕ್ಕಿತು. ತನ್ನ ನಗು ತನ್ನದೇ ಕಿವಿಗೆ ಬಿದ್ದಾಗ ಅವಳ ಕಿವಿಯವರೆಗೂ ಬಿಸಿಯೇರಿತು. ಸೆರಗನ್ನು ಮುಂದಕ್ಕೆ ಎಳೆದುಕೊಂಡಳು.

ಬಸ್ಸಿನ ಸದ್ದು ಕೇಳಿಸಿತು. ಸುವರ್ಣಮ್ಮನವರು ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಹುಡುಗಿ ನಮಗೆ ಒಪ್ಪಿಗೆ ಕಣ್ರೀ. ಇನ್ನು ನಾವು ಬೀಗರು."

ವಿಮಲಮ್ಮ ತಲೆಯಾಡಿಸಿದಳು. ಅವಳ ಕಣ್ಣು ಬೇಲಿಯಾಚೆಗೇ ಇತ್ತು. ಅಲ್ಲಿ ಪುಟ್ಟಗಂಗಮ್ಮ ಮಂಡಿಯೂರಿ ಕುಳಿತು ಎರಡು ಮಣಿಕಟ್ಟುಗಳ ನಡುವೆ ಮಣ್ಣು ಬಾಚುತ್ತಿದ್ದಳು. ಬಾಚಿದ್ದರಲ್ಲಿ ಮುಕ್ಕಾಲು ಸೋರಿಹೋಯಿತು. ಮಿಕ್ಕಿದ್ದನ್ನು ಗುಂಡಿಗೆ ಹಾಕಿದಳು. ಹಿಂದಿದ್ದವರು ದಾರಿ ಬಿಡುವಂತೆ ಗದರಿದರೂ ಅವಳು ಏಳಲಿಲ್ಲ. ತಲೆಯೆತ್ತಿ ರಸ್ತೆಯಲ್ಲಿದ್ದ ವಿಮಲಮ್ಮನನ್ನು ಒಮ್ಮೆ ನೋಡಿದಳು. ಯಾರ ಗಮನಕ್ಕೂ ಬೀಳದಂತೆ ಕೂಡಲೇ ಮುಖ ತಿರುಗಿಸಿ, ಮತ್ತೊಮ್ಮೆ ಬಾಗಿ, ಈ ಸಲ ಒಂದು ಹರಳೂ ಸೋರದ ಹಾಗೆ ಎದೆಗೆ ಒತ್ತಿ ಹಿಡಿದು ಇನ್ನೊಂದು ಹಿಡಿ ಮಣ್ಣು ಎತ್ತಿ ಹಾಕಿದಳು.